ಡಾಕ್ಟರು ಬಂದದ್ದು ಎಷ್ಟು ಹೊತ್ತಿಗೆ?



ಬೋರ್‌ವೆಲ್ ಲಾರಿ ಹೊಲಕ್ಕೆ ಬಂದ ರಾತ್ರಿ ನಮ್ಮಲ್ಲಿ ಯಾರೂ ಮಲಗುವುದಿಲ್ಲ. ಒಂದೊಂದು ಪೈಪು ಇಳಿದಾಗಲೂ ಒಂದೊಂದು ಕಲ್ಲು ಪಕ್ಕಕ್ಕಿಟ್ಟು ಅಡಿ ಲೆಕ್ಕ ಹಾಕುತ್ತೇವೆ. ಟ್ರ್ಯಾಕ್ಟರ್ ಉಳುಮೆಗೆ ಗಂಟೆ ನೋಡುತ್ತೇವೆ. ಹಾಲಿನ ಸೊಸೈಟಿಯಲ್ಲಿ ಎಷ್ಟು ಲೀಟರು, ಫ್ಯಾಟ್ ಎಷ್ಟು ಎಂದು ಪುಸ್ತಕದಲ್ಲಿ ಬರೆಸಿಕೊಳ್ಳದೆ ಮನೆಗೆ ಬರುವುದಿಲ್ಲ. ಆದರೆ ಹಸು ಮಾರಿದ ದುಡ್ಡನ್ನು ಆಸ್ಪತ್ರೆಯಲ್ಲಿ ಎಣಿಸಿ ಕೊಡುವಾಗ ಮಾತ್ರ ಬಿಲ್ಲಿನಲ್ಲಿ ಏನು ಬರೆದಿದೆ ಎಂದು ಕೇಳಲು ನಮಗೆ ಬಾಯಿ ಬರುವುದಿಲ್ಲ.

ನಮ್ಮ ದೊಡ್ಡಪ್ಪನವರಿಗೆ ಸಕ್ಕರೆ ಕಾಯಿಲೆ. ಕಾಲಿನ ಹುಣ್ಣು ಮಾಯದೆ, ನಾಟ್ರಾಂಪಾಳ್ಯದಿಂದ ಅಂಚೆಟ್ಟಿ, ಡೆಂಕಣಿಕೋಟೆ ದಾಟಿ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಏಳು ದಿನ ಇದ್ದೆವು. ಬಿಡುಗಡೆಯ ದಿನ ಕೊಟ್ಟ ಬಿಲ್ಲಿನಲ್ಲಿ ‘ಡಾಕ್ಟರ್ ವಿಸಿಟ್’ ಎಂದು ಹದಿನೆಂಟು ಸಲ ಇತ್ತು. ಮಂಚದ ಪಕ್ಕ ಹಗಲು ರಾತ್ರಿ ಕೂತಿದ್ದ ಅತ್ತಿಗೆಗೆ ನೆನಪಿದ್ದದ್ದು ಹತ್ತೋ ಹನ್ನೊಂದೋ. ವಿಚಾರಿಸಿದರೆ, “ಕಂಪ್ಯೂಟರಲ್ಲಿ ಹಾಗೇ ಬಂದಿದೆ ಅಣ್ಣಾ, ನಾವೇನು ಮಾಡೋಣ?” ಎಂದರು. ಮಿಕ್ಕ ಏಳೆಂಟು ಸುಳ್ಳು ಎಂದು ನಾವು ಹೇಳಲಾರೆವು. ಅತ್ತಿಗೆ ಊಟ ತರಲು ಹೋದಾಗ, ಕೂತಲ್ಲೇ ಕಣ್ಣು ಮುಚ್ಚಿದಾಗ ಅವರು ಬಂದಿರಬಹುದು. ಬಿಲ್ಲಿನ ಸಾಲಿನ ಎದುರು ಹೊತ್ತು ಬರೆದಿರಲಿಲ್ಲ. ನಾವೂ ಬರೆದಿಟ್ಟಿರಲಿಲ್ಲ. ದುಡ್ಡು ಕಟ್ಟಿ ಬಂದೆವು.

ಆದರೆ ಆ ಹದಿನೆಂಟರಲ್ಲಿ ಒಂದನ್ನು ನಾವು ಯಾರೂ ಮರೆತಿಲ್ಲ. ಒಂದು ಸಂಜೆ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಸ್ಟೂಲ್ ಎಳೆದುಕೊಂಡು ಕೂತು, ಅರ್ಧ ಗಂಟೆ ನಮ್ಮ ದೊಡ್ಡಮ್ಮನಿಗೆ ಕನ್ನಡದಲ್ಲೇ ತಿಳಿಹೇಳಿದರು. ದಿನಾ ರಾತ್ರಿ ಅಂಗಾಲನ್ನು ದೀಪದ ಬೆಳಕಿನಲ್ಲಿ ನೋಡಬೇಕು, ಬರಿಗಾಲಲ್ಲಿ ಹೊಲಕ್ಕೆ ಬಿಡಬಾರದು, ಉರಿ ಗೊತ್ತಾಗದ ಕಾಲಿಗೆ ಬಿಸಿನೀರು ಹಾಕಬಾರದು, ಹೀಗೆ. ದೊಡ್ಡಪ್ಪನವರ ಕಾಲು ಉಳಿದಿದ್ದರೆ ಅದು ಆ ಅರ್ಧ ಗಂಟೆಯಿಂದ ಎಂದೇ ನಮ್ಮ ನಂಬಿಕೆ. ಬಿಲ್ಲಿನಲ್ಲಿ ಅದಕ್ಕೂ ಅಷ್ಟೇ ಹಣ, ಬಾಗಿಲಲ್ಲಿ ನಿಂತು ಚಾರ್ಟ್ ನೋಡಿ ಹೋದವರಿಗೂ ಅಷ್ಟೇ ಹಣ. ಹೆಚ್ಚು ವಿಸಿಟ್ ಹಾಕಿದ್ದಕ್ಕಿಂತ ಇದೇ ನಮ್ಮ ಮನಸ್ಸನ್ನು ಕೊರೆಯಿತು.

ಓದಿದ ನಮ್ಮ ಮಕ್ಕಳಲ್ಲಿ ಕೆಲವರು ಬೆಂಗಳೂರಿನಲ್ಲಿ ಮೆಡಿಕಲ್ ಕೋಡಿಂಗ್ ಎಂಬ ಕೆಲಸ ಮಾಡುತ್ತಾರೆ. ಅಮೆರಿಕದ ಡಾಕ್ಟರು ಬರೆದದ್ದನ್ನು ಓದಿ ಬಿಲ್ಲಿಗೆ ಸಂಖ್ಯೆ ಹಾಕುವ ಕೆಲಸ ಅದು. ಅಲ್ಲಿ 2021ರ ಜನವರಿಯಿಂದ, ಕ್ಲಿನಿಕ್ಕಿಗೆ ಬಂದ ರೋಗಿಯ ಬಿಲ್ಲನ್ನು ಕಾಯಿಲೆಯ ತೊಡಕು ನೋಡಿ ಹಾಕಬಹುದು, ಇಲ್ಲವೇ ಆ ದಿನ ಡಾಕ್ಟರು ಆ ರೋಗಿಗಾಗಿ ಕಳೆದ ಒಟ್ಟು ಹೊತ್ತು ನೋಡಿ ಹಾಕಬಹುದು. ಹಳೆಯ ರೋಗಿಯಾದರೆ 20 ನಿಮಿಷಕ್ಕೆ ಒಂದು ದರ್ಜೆ, 30ಕ್ಕೆ ಇನ್ನೊಂದು, 40ಕ್ಕೆ ಮತ್ತೊಂದು. ಮುಖ ನೋಡಿ ಮಾತಾಡಿದ್ದಷ್ಟೇ ಅಲ್ಲ, ಹಳೆಯ ಚೀಟಿಗಳನ್ನು, ರಕ್ತಪರೀಕ್ಷೆಯನ್ನು ಓದಿದ್ದು, ಟಿಪ್ಪಣಿ ಬರೆದದ್ದು ಸಹ ಲೆಕ್ಕಕ್ಕೆ ಸೇರುತ್ತದೆ. ನರ್ಸು ಕಳೆದ ಹೊತ್ತು ಸೇರುವುದಿಲ್ಲ. ಬರೆಯುವುದರಲ್ಲೇ ದಿನ ಮುಗಿಯುತ್ತದೆ ಎಂಬ ಗೊಣಗಾಟ ಅಲ್ಲಿನ ಡಾಕ್ಟರಲ್ಲೂ ಇದೆ. ಗಡಿಯಾರ ಹಿಡಿದು ರೋಗಿ ನೋಡಿ ಎಂದು ನಾವೇನೂ ಕೇಳುತ್ತಿಲ್ಲ. ಬಂದ ಹೊತ್ತು, ಹೋದ ಹೊತ್ತು, ಎರಡು ಸಾಲು ಸಾಕು. ಕೂತು ಮಾತಾಡಿದವರ ಅರ್ಧ ಗಂಟೆ ಕಾಗದದ ಮೇಲೆ ಕಾಣಲಿ ಎಂದಷ್ಟೇ ನಮ್ಮ ಮಾತು.

ಒಳ್ಳೆಯ ಸಮಾರ್ಯದವನನ್ನು ನೆನೆಯಿರಿ. ಎರಡು ನಾಣ್ಯ ಕೊಟ್ಟು, ಹೆಚ್ಚಿಗೆ ಖರ್ಚಾದರೆ ತಿರುಗಿ ಬಂದಾಗ ಕೊಡುವುದಾಗಿ ಛತ್ರದವನಿಗೆ ಹೇಳಿಹೋದ. ಛತ್ರದವನು ಎಲ್ಲೋ ಒಂದು ಕಡೆ ಲೆಕ್ಕ ಇಟ್ಟಿರಲೇಬೇಕಲ್ಲವೇ?

ನಿಯಮಗಳೂ ನಮ್ಮ ಪರವಾಗಿಯೇ ಇವೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡತೆ ನಿಯಮಗಳ ಪ್ರಕಾರ ಡಾಕ್ಟರು ತಮ್ಮ ಶುಲ್ಕವನ್ನು ಚಿಕಿತ್ಸೆಗೆ ಮುಂಚೆಯೇ ತಿಳಿಸಬೇಕು. ಒಳರೋಗಿಯ ದಾಖಲೆಯನ್ನು 3 ವರ್ಷ ಇಟ್ಟುಕೊಂಡು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿಗೆ ಸೇರುತ್ತದೆ ಎಂದು ಸುಪ್ರೀಂ ಕೋರ್ಟು 1995ರಲ್ಲೇ ತೀರ್ಪು ಕೊಟ್ಟಿದೆ. ಮುಖ್ಯಮಂತ್ರಿ ವಿಮಾ ಕಾರ್ಡಿನಲ್ಲಿ ಒಪ್ಪಿಗೆಯಾದ ಚಿಕಿತ್ಸೆಗಂತೂ ಡಾಕ್ಟರ ಶುಲ್ಕ ಒಟ್ಟು ಮೊತ್ತದೊಳಗೇ ಇರುತ್ತದೆ. ಅಲ್ಲಿ ವಿಸಿಟ್ ಎಂದು ಬೇರೆ ಕೇಳಿದರೆ ಸುಮ್ಮನೆ ಕೊಡಬೇಡಿ.

ಬರೆಯಲು ಯಾರಿದ್ದಾರೆ ಎನ್ನಬೇಡಿ. 2021ರ ಆಗಸ್ಟ್ 5ರಂದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ ‘ಮಕ್ಕಳೈ ತೇಡಿ ಮರುತ್ತುವಂ’ ಶುರುವಾದಾಗ ಮನೆಮನೆಗೆ ಹೋಗಿ ಬಿ.ಪಿ., ಸಕ್ಕರೆ ನೋಡಿ ಬರೆದವರು ಹಳ್ಳಿಯ ಹೆಣ್ಣುಮಕ್ಕಳೇ. ಆಸ್ಪತ್ರೆಗೆ ಹೊರಡುವಾಗ ಫ್ಲಾಸ್ಕು, ಟವೆಲು, ಜಪಸರದ ಜೊತೆ ಒಂದು ನೋಟುಬುಕ್ಕು ಇಡಿ. ತಾರೀಖು, ಹೊತ್ತು, ಬಂದವರು ಯಾರು, ಏನು ಹೇಳಿದರು, ಯಾವ ಔಷಧಿ ಬದಲಾಯಿತು ಎಂದು ಬರೆಯಿರಿ. ಕಾವಲಿಗೆ ಕೂತವರು ಬದಲಾದಾಗ ಪುಸ್ತಕವನ್ನೂ ಕೈ ಬದಲಾಯಿಸಿ. ಪೊಲೀಸರಂತೆ ಬರೆಯಬೇಡಿ, ಹೆಸರು ಗೊತ್ತಿಲ್ಲದಿದ್ದರೆ ನರ್ಸನ್ನು ವಿನಯದಿಂದ ಕೇಳಿ. ಕೇಸ್‌ಶೀಟು ಇಂಗ್ಲಿಷಿನಲ್ಲಿ, ಸುತ್ತಲಿನ ಮಾತು ತಮಿಳಿನಲ್ಲಿ ಇರುವಾಗ, ಕನ್ನಡದಲ್ಲಿ ಬರೆದ ಒಂದು ಪುಟ ಮನೆಗೆ ಬಂದ ಮೇಲೆ ಔಷಧಿ ಕೊಡುವುದಕ್ಕೂ ಆಸರೆಯಾಗುತ್ತದೆ.

ಮೂರು ತಿಂಗಳ ನಂತರ ದೊಡ್ಡಪ್ಪನವರನ್ನು ಮತ್ತೆ ಮೂರು ದಿನ ಸೇರಿಸಬೇಕಾಯಿತು. ಈ ಸಲ ಪುಸ್ತಕವಿತ್ತು. ನಮ್ಮ ಲೆಕ್ಕದಲ್ಲಿ ಆರು ವಿಸಿಟ್, ಬಿಲ್ಲಿನಲ್ಲಿ ಏಳು. ಪುಸ್ತಕ ತೋರಿಸಿದಾಗ ಅವರು ವಾರ್ಡಿನಿಂದ ಕೇಸ್‌ಶೀಟು ತರಿಸಿದರು. ಎರಡನೆಯ ರಾತ್ರಿ 11.20ಕ್ಕೆ ಡಾಕ್ಟರು ಬಂದು ನೋಡಿ, ಇನ್ಸುಲಿನ್ ಕಡಿಮೆ ಮಾಡಿ, ಸಹಿ ಹಾಕಿದ್ದರು. ಆ ಹೊತ್ತಿನಲ್ಲಿ ನಾವು ಬೆಂಚಿನ ಮೇಲೆ ನಿದ್ದೆ ಹೋಗಿದ್ದೆವು. ಏಳಕ್ಕೂ ದುಡ್ಡು ಕಟ್ಟಿದೆವು.