ಹಡಗು ಖಾಯಂ, ಕೆಲಸ ಖಾಯಂ. ಕೆಲಸಗಾರ ಮಾತ್ರ ಹಂಗಾಮಿ

ಮುಂಬಯಿಯ ನೌಕಾ ಡಾಕ್‌ಯಾರ್ಡಿನ ಮೂಲ 1735ರ ಸುಮಾರಿನದು. ಈಸ್ಟ್ ಇಂಡಿಯಾ ಕಂಪೆನಿ ಸೂರತ್ತಿನಿಂದ ಕರೆತಂದ ಲವ್‌ಜಿ ನಸರವಾನಜಿ ವಾಡಿಯಾ ಅಲ್ಲಿ ಹಡಗು ಕಟ್ಟಲು ತೊಡಗಿದರು. ಕಂಪೆನಿ ಹೋಯಿತು, ಬ್ರಿಟಿಷರು ಹೋದರು, ಮರದ ಹಡಗಿನ ಜಾಗಕ್ಕೆ ಉಕ್ಕಿನ ಹಡಗು ಬಂತು. ಉಪ್ಪುನೀರಿನ ಗುಣ ಮಾತ್ರ ಬದಲಾಗಲಿಲ್ಲ. ಹಡಗಿನ ತಳಕ್ಕೆ ತುಕ್ಕು ಹಿಡಿಯುತ್ತದೆ. ಕಾಲಕಾಲಕ್ಕೆ ಕಟ್ಟೆಗೆ ತಂದು ಕೆರೆದು, ಬೆಸೆದು, ಬಣ್ಣ ಬಳಿಯಲೇಬೇಕು. ಇದು ಸುಗ್ಗಿಯ ಕೆಲಸವಲ್ಲ. ನೌಕಾಪಡೆ ಇರುವ ತನಕ ಇರುವ ಕೆಲಸ.

ಆದರೆ ಈ ಕೆಲಸ ಮಾಡುವವರೆಲ್ಲ ಖಾಯಂ ನೌಕರರಲ್ಲ. ರಕ್ಷಣಾ ಖಾತೆಯ ಸಂಬಳಪಟ್ಟಿಯಲ್ಲಿ ಹೆಸರುಳ್ಳವನ ಪಕ್ಕದಲ್ಲಿಯೇ ಗುತ್ತಿಗೆದಾರನ ಆಳು ನಿಂತಿರುತ್ತಾನೆ. ಧೂಳು ಒಂದೇ, ಅಪಾಯ ಒಂದೇ. ಒಬ್ಬನಿಗೆ ರಜೆ, ಬಡ್ತಿ, ನಿವೃತ್ತಿಯ ಆಸರೆ. ಇನ್ನೊಬ್ಬನಿಗೆ ಗುತ್ತಿಗೆ ಮುಗಿದ ದಿನವೇ ಗೇಟಿನ ಪಾಸೂ ಮುಗಿಯಿತು. ಗಿರಣಿಯ ಬಾಗಿಲಲ್ಲಿ 'ಬದಲಿ'ಯಾಗಿ ಕಾದು ನಿಂತವರಿಗೆ ನಾವು ಇದನ್ನು ವಿವರಿಸಬೇಕಾಗಿಲ್ಲ.

ಸರಕಾರಕ್ಕೆ ದಾರಿ ತಿಳಿಯದೆ? 1993ರ ಸೆಪ್ಟೆಂಬರ್ 10ರ ಕೇಂದ್ರ ಯೋಜನೆ, ವರ್ಷದಲ್ಲಿ 240 ದಿನ ದುಡಿದಿದ್ದ ಅಂದಿನ ದಿನಗೂಲಿಗಳಿಗೆ ತಾತ್ಕಾಲಿಕ ನೌಕರರ ಸ್ಥಾನ ಕೊಟ್ಟಿತು. ಆದರೆ ಅದು ಆಗ ಕೆಲಸದಲ್ಲಿದ್ದವರಿಗಷ್ಟೇ. 2001ರಲ್ಲಿ ಸುಪ್ರೀಂ ಕೋರ್ಟು, ಗುತ್ತಿಗೆ ಪದ್ಧತಿಯನ್ನು ನಿಷೇಧಿಸಿದರೂ ಆಳುಗಳು ತಾವಾಗಿಯೇ ಖಾಯಂ ಆಗುವುದಿಲ್ಲ ಎಂದಿತು. 2006ರಲ್ಲಿ, ನಮ್ಮ ರಾಜ್ಯದ ದಿನಗೂಲಿಗಳ ಉಮಾದೇವಿ ಮೊಕದ್ದಮೆಯಲ್ಲಿ, ಹಿಂಬಾಗಿಲ ನೇಮಕಕ್ಕೆ ತಡೆ ಹಾಕಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದ ಅರ್ಹರನ್ನು ಒಂದು ಸಲ ಖಾಯಂ ಮಾಡಿರಿ ಎಂದೂ ಹೇಳಿತು. ಸರಕಾರಗಳು ಮೊದಲ ಮಾತನ್ನು ಬಿಗಿಯಾಗಿ ಹಿಡಿದವು, ಎರಡನೆಯದನ್ನು ಮರೆತವು. ಆ ತೀರ್ಪನ್ನು ದೀರ್ಘಕಾಲ ದುಡಿದವರ ಮೇಲೆ ಆಯುಧವಾಗಿ ಬಳಸಕೂಡದೆಂದು 2024ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ ಹೇಳಬೇಕಾಯಿತು.

ಈ ಪ್ರಶ್ನೆ ನಮ್ಮ ಕರಾವಳಿಯದೂ ಹೌದು. ಕಾರವಾರದ ಸೀಬರ್ಡ್ ಯೋಜನೆಗೆ 1986ರಲ್ಲಿ ಶಂಕುಸ್ಥಾಪನೆಯಾಯಿತು. 2005ರಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಅದಕ್ಕಾಗಿ ಹಳ್ಳಿಗಳ ಜನ ಮನೆ, ಗದ್ದೆ, ಬಲೆ ಬೀಸುವ ದಂಡೆ ಬಿಟ್ಟು ಎದ್ದರು. ನೆಲವನ್ನು ಖಾಯಮ್ಮಾಗಿ ಕೊಟ್ಟವರ ಮಕ್ಕಳಿಗೆ ಹಂಗಾಮಿ ಕೂಲಿ ಸಾಕೆ?

ಇದರಲ್ಲಿ ನಮಗೇನು ಎಂದು ಅಂಗಡಿಕಾರ ಬಂಧುಗಳು ಕೇಳಬಹುದು. ನಿಮ್ಮ ಉದ್ರಿ ಪುಸ್ತಕವನ್ನೇ ತೆರೆದು ನೋಡಿರಿ. ತಿಂಗಳ ಸಂಬಳ ನಿಶ್ಚಿತವಿದ್ದವನ ಲೆಕ್ಕ ತೀರುತ್ತದೆ. ನಾಳೆ ಕೆಲಸವುಂಟೋ ಇಲ್ಲವೋ ತಿಳಿಯದವನ ಬಾಕಿ ಬೆಳೆಯುತ್ತದೆ. ಕೂಲಿಕಾರನ ಅಭದ್ರತೆ ಪೇಟೆಯ ಅಭದ್ರತೆಯೇ.

ನಮ್ಮ ಬೇಡಿಕೆ ಮೂರು. ಪ್ರತಿ ಡಾಕ್‌ಯಾರ್ಡಿನಲ್ಲಿ ಖಾಲಿ ಹುದ್ದೆ ಎಷ್ಟು, ಗುತ್ತಿಗೆ ಆಳುಗಳು ಎಷ್ಟು ಎಂಬುದನ್ನು ರಕ್ಷಣಾ ಖಾತೆ ಪ್ರಕಟಿಸಲಿ. ನಿರಂತರ ಕೆಲಸಕ್ಕೆ ಹುದ್ದೆ ಸೃಷ್ಟಿಸಿ, ಹತ್ತು ವರ್ಷ ದುಡಿದವರನ್ನು ಮೊದಲು ತೆಗೆದುಕೊಳ್ಳಲಿ. ಅಲ್ಲಿಯ ತನಕ ಸಮಾನ ಕೆಲಸಕ್ಕೆ ಸಮಾನ ವೇತನ ಕೊಡಲಿ. ಖರ್ಚು ಹೆಚ್ಚೆನ್ನುವವರು ಗುತ್ತಿಗೆದಾರನ ಲಾಭವನ್ನೂ ಲೆಕ್ಕಕ್ಕೆ ಹಿಡಿಯಲಿ.

1946ರ ಫೆಬ್ರವರಿಯಲ್ಲಿ ನಾವಿಕರು ಬ್ರಿಟಿಷರ ವಿರುದ್ಧ ಎದ್ದಾಗ ಮುಂಬಯಿಯ ಗಿರಣಿ ಕಾರ್ಮಿಕರು ಮಗ್ಗ ನಿಲ್ಲಿಸಿ ಬೀದಿಗಿಳಿದು ಗುಂಡಿಗೆ ಎದೆಯೊಡ್ಡಿದರು. ಇಂದು ಅಂಥ ತ್ಯಾಗವನ್ನು ಯಾರೂ ಕೇಳುತ್ತಿಲ್ಲ. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಒಂದು ಠರಾವು ಮಾಡಿ ನಿಮ್ಮ ಲೋಕಸಭಾ ಸದಸ್ಯರಿಗೆ ಕಳಿಸಿರಿ. ಉತ್ತರ ಬಾರದಿದ್ದರೆ ಎರಡನೆಯದನ್ನೂ ಕಳಿಸಿರಿ.