ಹೋದ ಹಣದ ಬೆನ್ನು ಹತ್ತಿ

ಬಂಗಾರಪೇಟೆಯ ಜಂಕ್ಷನ್ನಿನಲ್ಲಿ ಮುಖ್ಯ ಮಾರ್ಗದಿಂದ ಕವಲೊಡೆದು ಮಾರಿಕುಪ್ಪಮಿನವರೆಗೆ ಹೋಗುವ ಸಣ್ಣ ರೈಲುದಾರಿಯೊಂದುಂಟು. ಚಿನ್ನದ ಗಣಿಗಳಿಗಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಾಕಿದ ದಾರಿ ಅದು. ಈಗ ಬೆಳಕು ಹರಿಯುವುದಕ್ಕೆ ಮುಂಚೆಯೇ ಅದರ ಗಾಡಿಗಳು ಕೋಲಾರದ ಚಿನ್ನದ ಗಣಿ ಪ್ರದೇಶದ ಸಾವಿರಾರು ಮಂದಿಯನ್ನು ಬೆಂಗಳೂರಿನ ಕೆಲಸಗಳಿಗೆ ಕರೆದೊಯ್ಯುತ್ತವೆ. ಕತ್ತಲಾದ ಮೇಲೆ ಮರಳಿ ತಂದು ಬಿಡುತ್ತವೆ. ಅವರಲ್ಲಿ ಅನೇಕರ ತಂದೆ ತಾತಂದಿರು ನೆಲದಡಿಯ ಕಲ್ಲಿನ ಕಾವಿನಲ್ಲಿ ಚಿನ್ನ ತೆಗೆದವರು. ಛಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರನ್ನೂ ಮೀರಿದ್ದಿತು.

ಚಿನ್ನ ತೆಗೆದವರ ಮನೆಯಲ್ಲಿ ಚಿನ್ನವೇಕೆ ಉಳಿಯಲಿಲ್ಲ ಎಂದು ಕೇಳುವವರು ಇಂದಿಗೂ ಬಹಳ ಮಂದಿ ಇದ್ದಾರೆ. ಉತ್ತರವನ್ನೂ ಅವರೇ ಸಿದ್ಧಮಾಡಿಟ್ಟುಕೊಂಡಿರುತ್ತಾರೆ: "ಕೂಲಿಯವರಿಗೆ ಲೆಕ್ಕ ತಿಳಿಯದು, ಬಟವಾಡೆಯ ದಿನ ಬಂದದ್ದು ಆ ದಿನವೇ ಹೋಯಿತು." ಈ ಉತ್ತರ ನನಗೆ ಒಪ್ಪಿಗೆಯಿಲ್ಲ. ಕೂಲಿಯೇ ಅಲ್ಪವಾಗಿದ್ದಿತೆಂಬ ಮೊದಲನೆಯ ಕಾರಣವನ್ನು ಅದು ಮರೆಮಾಚುತ್ತದೆ. ಅದು ಹಾಗಿರಲಿ. ಹಣದ ವ್ಯವಹಾರದಲ್ಲಿ ಮನುಷ್ಯ ಎಡವುವುದು ಲೆಕ್ಕ ಬಾರದುದರಿಂದ ಎಂಬ ನಂಬಿಕೆಯೇ ಶಾಸ್ತ್ರದೃಷ್ಟಿಯಿಂದ ದುರ್ಬಲವಾದುದು. ಲೆಕ್ಕವನ್ನೇ ವೃತ್ತಿಯಾಗಿ ಉಳ್ಳವರೂ ಅದೇ ಕಲ್ಲಿಗೆ ಕಾಲು ತಾಗಿಸಿಕೊಳ್ಳುತ್ತಾರೆ. ಇದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಾಗಿಲ್ಲ. ಮಾರಿಕುಪ್ಪಮಿನ ಪಕ್ಕದಲ್ಲೇ ಇರುವ ಮೈಸೂರು ಮೈನ್ಸಿನ ಆದಿಕಾಲದ ಕಥೆಯೇ ಸಾಕು.

ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ 1880ರಲ್ಲಿ ಲಂಡನ್ನಿನಲ್ಲಿ ಹುಟ್ಟಿತು. ಗಣಿ ಶಾಸ್ತ್ರದಲ್ಲಿ ಹೆಸರಾಂತ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಅದರ ಆಡಳಿತವನ್ನು ವಹಿಸಿತು. ನಾಲ್ಕೈದು ವರ್ಷ ತೋಡಿದರೂ ಹೇಳಿಕೊಳ್ಳುವಂಥ ಚಿನ್ನ ಕಾಣಲಿಲ್ಲ. ಬಂಡವಾಳದ ಬಹುಭಾಗ ಕರಗಿತು. ಷೇರಿನ ಬೆಲೆ ಕುಸಿಯಿತು. ಉಳಿದ ಅಲ್ಪ ಹಣವನ್ನು ಹಂಚಿಕೊಂಡು ಕಂಪನಿಯನ್ನು ಮುಚ್ಚಿಬಿಡೋಣವೆಂದು ಷೇರುದಾರರಲ್ಲಿ ಹಲವರು ವಾದಿಸಿದರು. ಟೇಲರ್ ಮನೆತನದವರು ಕಡೆಯ ಪ್ರಯತ್ನವೊಂದಕ್ಕೆ ಅವರನ್ನು ಒಪ್ಪಿಸಿದರು. ಕ್ಯಾಪ್ಟನ್ ಪ್ಲಮ್ಮರ್ ಎಂಬ ಗಣಿಗಾರನ ಮೇಲ್ವಿಚಾರಣೆಯಲ್ಲಿ, ಪ್ರಾಚೀನರು ತೋಡಿ ಬಿಟ್ಟಿದ್ದ ಹಳೆಯ ಕುಳಿಗಳ ಕೆಳಗೆ, ಛಾಂಪಿಯನ್ ಪದರ ದೊರೆಯಿತು. ಮುಂದಿನದು ಎಲ್ಲರಿಗೂ ತಿಳಿದ ಇತಿಹಾಸ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರು ತಂತಿಯ ಮೇಲೆ ಹರಿದು ಬಂದುದು ಈ ಗಣಿಗಳಿಗಾಗಿಯೇ. ಗಣಿಗಳು ಒಟ್ಟಿನಲ್ಲಿ ಕೊಟ್ಟ ಚಿನ್ನ ಸುಮಾರು 800 ಟನ್ನು.

ಇದನ್ನು ಓದಿದ ವಿದ್ಯಾರ್ಥಿಗೆ "ಛಲ ಬಿಡಬಾರದು" ಎಂಬ ಪಾಠ ಹೊಳೆಯುವುದು ಸಹಜ. ಆದರೆ ಇದೇ ವರ್ಷಗಳಲ್ಲಿ, ನಮಗೆ ದಕ್ಷಿಣದ ವಯನಾಡಿನಲ್ಲಿ ಚಿನ್ನ ತೆಗೆಯುವುದಾಗಿ ಲಂಡನ್ನಿನಲ್ಲಿ ಡಜನುಗಟ್ಟಲೆ ಕಂಪನಿಗಳು ಎದ್ದಿದ್ದವು. ಲಕ್ಷಾಂತರ ಪೌಂಡು ಬಂಡವಾಳ ಅಲ್ಲಿಯೂ ಸುರಿಯಿತು. ಅಲ್ಲಿಯೂ ಛಲಗಾರರಿದ್ದರು. ಅವರ ಹಣವೆಲ್ಲ ಮಣ್ಣುಪಾಲಾಯಿತು. ಅವರ ಕಥೆಯನ್ನು ಯಾರೂ ಹೇಳುವುದಿಲ್ಲ. ಗೆದ್ದವನ ಛಲ ಮಾತ್ರ ಕಿವಿಗೆ ಬೀಳುವುದರಿಂದ ಛಲವೇ ಗೆಲವಿಗೆ ಕಾರಣವೆಂದು ಮನಸ್ಸು ತಪ್ಪು ತಿಳಿಯುತ್ತದೆ. ಕೇಳಬೇಕಾಗಿದ್ದ ಪ್ರಶ್ನೆ ಒಂದೇ: ನೆಲದ ಕೆಳಗೆ ಅದಿರು ಇದೆಯೆನ್ನಲು ಏನು ಆಧಾರ? ಪ್ರಾಚೀನರು ಕೋಲಾರದಲ್ಲಿ ಅಷ್ಟು ಆಳ ತೋಡಿದ್ದರೆಂಬುದು ಒಂದು ಆಧಾರವೇ ಸರಿ. "ಇಷ್ಟು ಹಣ ಹಾಕಿದ್ದೇವೆ, ಈಗ ಬಿಡುವುದು ಹೇಗೆ?" ಎಂಬುದು ಆಧಾರವಲ್ಲ. ಹೋದ ಹಣ ಹೋಯಿತು. ಗಣಿ ಮುಚ್ಚಿದರೂ ತೆರೆದಿಟ್ಟರೂ ಅದು ಹಿಂದಿರುಗದು. ಇಷ್ಟು ಸರಳವಾದ ಮಾತನ್ನು ಬುದ್ಧಿ ಒಪ್ಪಿದರೂ ಮನಸ್ಸು ಒಪ್ಪುವುದಿಲ್ಲ.

ಏಕೆ ಒಪ್ಪುವುದಿಲ್ಲ? ಡೇನಿಯಲ್ ಕಾನ್‌ಮನ್ ಮತ್ತು ಅಮೋಸ್ ಟ್ವರ್ಸ್‌ಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಬೆಳಕು ಬೀರುತ್ತದೆ. ಓದುಗರು ತಾವೇ ಇದನ್ನು ತಮ್ಮ ಗೆಳೆಯರ ಮೇಲೆ ಪ್ರಯೋಗಿಸಬಹುದು. ಒಂದು ಗುಂಪಿನವರಿಗೆ ಹೀಗೆ ಹೇಳಿ: "ನಿಮಗೆ 1000 ಕೊಟ್ಟಿದೆ. ಇನ್ನೂ 500 ಖಚಿತವಾಗಿ ಪಡೆಯಬಹುದು. ಇಲ್ಲವೆ ನಾಣ್ಯ ಚಿಮ್ಮಿಸಿ, ಗೆದ್ದರೆ ಇನ್ನೂ 1000 ಪಡೆಯಬಹುದು, ಸೋತರೆ ಏನೂ ಇಲ್ಲ." ಮತ್ತೊಂದು ಗುಂಪಿಗೆ: "ನಿಮಗೆ 2000 ಕೊಟ್ಟಿದೆ. ಅದರಲ್ಲಿ 500 ಖಚಿತವಾಗಿ ಹಿಂದಿರುಗಿಸಬಹುದು. ಇಲ್ಲವೆ ನಾಣ್ಯ ಚಿಮ್ಮಿಸಿ, ಸೋತರೆ 1000 ಹಿಂದಿರುಗಿಸಬೇಕು, ಗೆದ್ದರೆ ಏನೂ ಕೊಡಬೇಕಾಗಿಲ್ಲ." ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದರೆ ಎರಡೂ ಪ್ರಶ್ನೆಗಳು ಒಂದೇ: ಖಚಿತವಾದ 1500 ಬೇಕೋ, ಸಮಪಾಲಿನ ಅದೃಷ್ಟದಲ್ಲಿ 1000 ಅಥವಾ 2000 ಬೇಕೋ? ಆದರೆ ಮೊದಲನೆಯ ಗುಂಪಿನಲ್ಲಿ ನೂರಕ್ಕೆ 84 ಮಂದಿ ಖಚಿತವಾದುದನ್ನು ಆರಿಸಿದರು. ಎರಡನೆಯದರಲ್ಲಿ ನೂರಕ್ಕೆ 69 ಮಂದಿ ನಾಣ್ಯವನ್ನು ನಂಬಿದರು.

ಲಾಭದ ಕಡೆ ಮುಖಮಾಡಿ ನಿಂತವನು ಅಂಜುಬುರುಕ. ನಷ್ಟದ ಕಡೆ ಮುಖಮಾಡಿ ನಿಂತವನು ಜೂಜುಗಾರ. ಒಬ್ಬನೇ ಮನುಷ್ಯ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಆಗಬಲ್ಲ. ಒಂದು ರೂಪಾಯಿ ಕಳೆದುಕೊಂಡ ನೋವು ಒಂದು ರೂಪಾಯಿ ಗಳಿಸಿದ ಸಂತೋಷಕ್ಕಿಂತ ಸುಮಾರು ಎರಡರಷ್ಟು ಎಂದು ಇವರ ಮುಂದಿನ ಅಳತೆಗಳು ಸೂಚಿಸಿದವು. ಆ ನೋವನ್ನು ಖಚಿತಪಡಿಸಿಕೊಳ್ಳಲಾರದೆ ಮನಸ್ಸು "ಇನ್ನೊಂದು ಸಲ ನೋಡೋಣ" ಎನ್ನುತ್ತದೆ. ಕಾನ್‌ಮನ್‌ಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು; ಟ್ವರ್ಸ್‌ಕಿ 1996ರಲ್ಲಿಯೇ ತೀರಿಕೊಂಡಿದ್ದರು. ಅರ್ಥಶಾಸ್ತ್ರವನ್ನು ಓದಿದವರಲ್ಲದ ಒಬ್ಬರಿಗೆ ಆ ಗೌರವ ಸಂದುದೇ ಒಂದು ಸ್ವಾರಸ್ಯ.

ಈಗ ಗಣಿಗೆ ಮರಳೋಣ. ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ವಶಕ್ಕೂ 1962ರಲ್ಲಿ ಕೇಂದ್ರ ಸರ್ಕಾರದ ವಶಕ್ಕೂ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸ್ಥಾಪಿತವಾಯಿತು. ಅದಿರಿನ ಸತ್ವ ಇಳಿಯುತ್ತ ಬಂದು ಕೊನೆಯ ವರ್ಷಗಳಲ್ಲಿ ಟನ್ನು ಕಲ್ಲಿಗೆ ಮೂರು ಗ್ರಾಂ ಆಸುಪಾಸಿಗೆ ನಿಂತಿತು. ನಷ್ಟದಲ್ಲಿಯೇ ಗಣಿ ನಡೆಯಿತು. ಇದನ್ನು ಕೇವಲ ಮನಸ್ಸಿನ ದೌರ್ಬಲ್ಯವೆನ್ನಲಾರೆ. ಒಂದು ಊರಿಗೆ ಊರೇ ಅನ್ನಕ್ಕಾಗಿ ಆ ಗಣಿಯನ್ನು ನಂಬಿತ್ತೆಂಬುದು ಲೆಕ್ಕದಲ್ಲಿ ಸೇರಲೇಬೇಕಾದ ಅಂಶ. ಕಡೆಗೆ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಆಗ ಕಾರ್ಮಿಕನ ಮುಂದೆ ಎರಡು ಪರೀಕ್ಷೆಗಳು ಒಟ್ಟಿಗೆ ಬಂದವು. ಒಂದು, ಸೇವಾಂತ್ಯದ ಇಡುಗಂಟು. ಎರಡು, ಗಣಿ ಮತ್ತೆ ತೆರೆದೀತೆಂಬ ಆಸೆ. ಆ ಆಸೆಯನ್ನು ಅವನೊಬ್ಬನೇ ಕಟ್ಟಿಕೊಂಡದ್ದಲ್ಲ. ಕೇಂದ್ರ ಸಂಪುಟ 2006ರಲ್ಲಿ ಟೆಂಡರು ಕರೆಯಲು ನಿರ್ಧರಿಸಿತು. 2013ರಲ್ಲಿ ಸುಪ್ರೀಂ ಕೋರ್ಟು ಜಾಗತಿಕ ಟೆಂಡರಿಗೆ ಒಪ್ಪಿಗೆಯಿತ್ತಿತು. ಹೀಗೆ ಬೂದಿಯಡಿಯ ಕೆಂಡವನ್ನು ಆಗಾಗ್ಗೆ ಯಾರಾದರೂ ಊದುತ್ತಲೇ ಇದ್ದರು. ಊರು ಬಿಟ್ಟರೆ ಕಳೆದ ಇಪ್ಪತ್ತು ಮೂವತ್ತು ವರ್ಷಗಳ ದುಡಿಮೆ ವ್ಯರ್ಥವಾಯಿತೆಂದು ಒಪ್ಪಿಕೊಂಡಂತೆ. ಕಾದು ಕುಳಿತರೆ ಹಾಗೆ ಒಪ್ಪಿಕೊಳ್ಳಬೇಕಾಗಿಲ್ಲ.

ಇಲ್ಲಿ ನನ್ನ ಮುಖ್ಯ ಆಕ್ಷೇಪವನ್ನು ಹೇಳಿಬಿಡುತ್ತೇನೆ. ಲಂಡನ್ನಿನ ಷೇರುದಾರ ಕಾದು ಕುಳಿತದ್ದನ್ನು ನಾವು ಸಾಹಸವೆಂದು ಕರೆದೆವು. ಮಾರಿಕುಪ್ಪಮಿನ ಕಾರ್ಮಿಕ ಕಾದು ಕುಳಿತರೆ ಅವಿವೇಕವೆನ್ನುತ್ತೇವೆ. ಇಬ್ಬರಲ್ಲಿಯೂ ಕೆಲಸಮಾಡಿದ ಮನೋವ್ಯಾಪಾರ ಒಂದೇ. ವ್ಯತ್ಯಾಸವಿದ್ದುದು ಪರಿಣಾಮದಲ್ಲಿ. ಕಂಪನಿ ಮುಳುಗಿದ್ದರೆ ಷೇರುದಾರ ತನ್ನ ಷೇರಿನ ಹಣವನ್ನು ಮಾತ್ರ ಕಳೆದುಕೊಳ್ಳುತ್ತಿದ್ದ, ಉಳಿದ ಆಸ್ತಿಗೆ ಕಾನೂನಿನ ರಕ್ಷೆಯಿತ್ತು. ಕಾರ್ಮಿಕನಿಗೆ ಅಂಥ ರಕ್ಷೆ ಇಲ್ಲ. ಅವನು ಪಣವಾಗಿಟ್ಟದ್ದು ಮಕ್ಕಳ ಓದನ್ನೂ ತನ್ನ ಮುಪ್ಪನ್ನೂ.

ಇಡುಗಂಟಿನ ಮಾತಿಗೆ ಬರೋಣ. ರೂಪಾಯಿಗೆ ಮುಖವಿಲ್ಲ, ಎಲ್ಲ ರೂಪಾಯಿಯೂ ಒಂದೇ ಎಂದು ಪುಸ್ತಕಗಳು ಹೇಳುತ್ತವೆ. ಮನಸ್ಸು ಹಾಗೆ ಎಣಿಸುವುದಿಲ್ಲವೆಂದು ರಿಚರ್ಡ್ ಥೇಲರ್ ಎಂಬ ಅರ್ಥಶಾಸ್ತ್ರಜ್ಞರು ತೋರಿಸಿದರು. ಇವರಿಗೂ 2017ರಲ್ಲಿ ನೊಬೆಲ್ ಪಾರಿತೋಷಕ ಬಂತು. ಸಂಬಳದ ಹಣ ಒಂದು ಖಾತೆ, ಬೋನಸ್ಸಿನದು ಇನ್ನೊಂದು, ಅನಿರೀಕ್ಷಿತವಾಗಿ ಬಂದದ್ದು ಮೂರನೆಯದು. ಒಂದೊಂದಕ್ಕೂ ಮನಸ್ಸು ಬೇರೆ ಬೇರೆ ನಿಯಮ ಬರೆದಿಟ್ಟಿರುತ್ತದೆ. ತಿಂಗಳ ಸಂಬಳದಲ್ಲಿ ನೂರು ರೂಪಾಯಿಗೆ ಎರಡು ಸಲ ಯೋಚಿಸುವ ಮನೆಯಾತ ಇಡುಗಂಟಿನಿಂದ ಸಾವಿರಗಳನ್ನು ಸರಾಗವಾಗಿ ಎತ್ತಿಕೊಡುತ್ತಾನೆ. ಇಪ್ಪತ್ತು ವರ್ಷ ಆಳಬೇಕಾದ ಹಣ ಒಂದೇ ಸಲ ಕೈಗೆ ಬಂದರೆ ಕಣ್ಣಿಗೆ ಸಿರಿಯಂತೆ ಕಾಣುತ್ತದೆ. ಮಗಳ ಮದುವೆ, ಹಳೆಯ ಸಾಲ, ನೆಂಟರ ಕೈಗಡ ಎಲ್ಲವೂ ಅದೇ ವಾರ ಬಾಗಿಲಿಗೆ ಬಂದು ನಿಲ್ಲುತ್ತವೆ. ಥೇಲರರ ಸಂಶೋಧನೆಯ ಅರ್ಧಭಾಗವನ್ನು ನಮ್ಮ ಅಜ್ಜಿಯಂದಿರು ಬಲ್ಲವರಾಗಿದ್ದರೆಂದೂ ಹೇಳಬೇಕು. ಸಾಸಿವೆ ಡಬ್ಬಿಯಲ್ಲಿಟ್ಟ ಹಣವನ್ನು ಅವರು ಅಕ್ಕಿಗೆ ಮುಟ್ಟುತ್ತಿರಲಿಲ್ಲ. ಅದೇ ಮನಸ್ಸಿನ ಗುಣ ಇಲ್ಲಿ ಕೆಡಿಸುತ್ತದೆ, ಅಲ್ಲಿ ಕಾಯುತ್ತದೆ.

ಗಿರವಿ ಅಂಗಡಿಯ ಕಥೆಯೂ ಇಂಥದೇ. ಒಡವೆಯನ್ನು ಮಾರಿದರೆ ಬಡ್ಡಿಯ ಹೊರೆಯೇ ಇಲ್ಲ. ಆದರೂ ಜನ ಅದನ್ನು ಅಡವಿಟ್ಟು ಬಡ್ಡಿ ತೆರುತ್ತಾರೆ. ಲೆಕ್ಕಿಗರು ನಗುತ್ತಾರೆ. ನಾನು ಪೂರ್ತಿ ನಗಲಾರೆ. ಮಾರಿದ ಸರವನ್ನು ಮತ್ತೆ ಕೊಳ್ಳುವ ಹಣ ಎಂದೂ ಕೂಡುವುದಿಲ್ಲವೆಂದು ಆ ಗೃಹಿಣಿಗೆ ಗೊತ್ತು. ಅಡವಿಟ್ಟ ಸರವಾದರೆ ಬಿಡಿಸಿಕೊಳ್ಳಬೇಕೆಂಬ ಹಂಬಲವೇ ತಿಂಗಳು ತಿಂಗಳು ಹಣ ಕೂಡಿಸುವಂತೆ ಮಾಡುತ್ತದೆ. ಅವಳು ಬಡ್ಡಿ ಕೊಟ್ಟು ಕೊಳ್ಳುತ್ತಿರುವುದು ಮನೋನಿಗ್ರಹವನ್ನು. ಬೆಲೆ ಮಾತ್ರ ತುಸು ಹೆಚ್ಚಾಯಿತು.

ಬಡತನ ತಾನೇ ಯೋಚನೆಯ ಶಕ್ತಿಯನ್ನು ಕುಂದಿಸುತ್ತದೆಯೇ ಎಂಬುದನ್ನೂ ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಗಣಿಗೆ ಬಂದ ಕಾರ್ಮಿಕರಲ್ಲಿ ಬಹುಮಂದಿಯ ಮೂಲ ಹಳೆಯ ಉತ್ತರ ಆರ್ಕಾಟು ಜಿಲ್ಲೆ. ಅದರ ಒಂದು ಭಾಗ ಈಗಿನ ತಿರುವಣ್ಣಾಮಲೈ. ಅಲ್ಲಿಯೂ ವಿಲ್ಲುಪುರಂ ಜಿಲ್ಲೆಯಲ್ಲಿಯೂ 464 ಮಂದಿ ಕಬ್ಬಿನ ಬೆಳೆಗಾರರನ್ನು ಕಟಾವಿಗೆ ಮುಂಚೆ ಒಮ್ಮೆ, ಹಣ ಕೈಸೇರಿದ ಮೇಲೆ ಒಮ್ಮೆ ಪರೀಕ್ಷಿಸಿದ ವರದಿ 2013ರಲ್ಲಿ ಪ್ರಕಟವಾಯಿತು. ಅದೇ ರೈತ ಕೈ ಖಾಲಿಯಾಗಿದ್ದಾಗ ಬುದ್ಧಿಪರೀಕ್ಷೆಯಲ್ಲಿ ಹಿಂದೆ ಬಿದ್ದ. ಹಣ ಬಂದಾಗ ಸುಧಾರಿಸಿದ. ಈ ಪ್ರಯೋಗದ ವಿಧಾನದ ಮೇಲೆ ಆಕ್ಷೇಪಣೆಗಳು ಬಂದಿವೆ. ಆದಕಾರಣ ಇದನ್ನು ಕಡೆಯ ಮಾತೆಂದು ತಿಳಿಯಬೇಕಾಗಿಲ್ಲ. ಆದರೂ "ಬುದ್ಧಿಯಿಲ್ಲದುದರಿಂದ ಬಡವನಾದ" ಎನ್ನುವವರು ಕಾರ್ಯಕಾರಣಗಳನ್ನು ತಿರುವುಮುರುವಾಗಿ ಹಿಡಿದಿರಬಹುದೆಂದು ಅನುಮಾನಿಸಲು ಇಷ್ಟು ಸಾಕು.

ಹಾಗಾದರೆ ಉಪಾಯವೇನು? ಉಳಿತಾಯದ ಮೇಲೆ ಉಪನ್ಯಾಸ ಮಾಡುವುದರಿಂದ ಫಲ ಅಲ್ಪ. ಭಾವನೆಯನ್ನು ಗೆಲ್ಲುವುದಕ್ಕಿಂತ ಅದಕ್ಕೆ ಮುಂಚಿತವಾಗಿ ಕಾಲುವೆ ತೋಡಿಡುವುದೇ ಮೇಲು. ದಿಲೀಪ್ ಸೋಮನ್ ಮತ್ತು ಅಮರ್ ಚೀಮಾ ಎಂಬವರು ಭಾರತದ ಹಳ್ಳಿಗಾಡಿನ ಕೂಲಿಕಾರ ಕುಟುಂಬಗಳಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗ ಬಹು ಸರಳವಾದುದು. ವಾರದ ಕೂಲಿಯಿಂದ ಉಳಿತಾಯದ ಪಾಲನ್ನು ಬೇರ್ಪಡಿಸಿ ಲಕೋಟೆಯಲ್ಲಿಟ್ಟು ಅಂಟಿಸಿ ಅವರಿಗೇ ಕೊಟ್ಟರು. ಕೆಲವರಿಗೆ ಒಂದು ಲಕೋಟೆ; ಕೆಲವರಿಗೆ ಅದೇ ಮೊತ್ತವನ್ನು ಎರಡಾಗಿ ಹಂಚಿದ ಎರಡು ಲಕೋಟೆ. ಕೆಲವು ಲಕೋಟೆಗಳ ಮೇಲೆ ಆ ಮನೆಯ ಮಕ್ಕಳ ಚಿತ್ರವಿತ್ತು. ಒಡೆಯಬೇಡಿರೆಂದು ಯಾರೂ ಕಾವಲಿರಲಿಲ್ಲ. ಆದರೂ ಎರಡು ಲಕೋಟೆಯವರು ಒಂದರವರಿಗಿಂತ ಹೆಚ್ಚು ಉಳಿಸಿದರು. ಮಕ್ಕಳ ಚಿತ್ರವಿದ್ದಲ್ಲಿ ಉಳಿತಾಯ ಮತ್ತಷ್ಟು ಹೆಚ್ಚಿತು. ಆ ಕೂಲಿಕಾರರಿಗೆ ಯಾರೂ ಹೊಸ ಗಣಿತ ಕಲಿಸಲಿಲ್ಲ. ಒಂದು ಅಂಟಿಸಿದ ಕಾಗದವನ್ನು ಹರಿಯುವುದಕ್ಕೆ ಕೈ ಹಿಂಜರಿಯಿತು, ಅಷ್ಟೆ. ನಮ್ಮ ಚೀಟಿ ವ್ಯವಹಾರ ಇಷ್ಟು ಕಾಲ ಬಾಳಿರುವುದಕ್ಕೂ ಇದೇ ಒಂದು ಕಾರಣ: ಕಂತು ತಪ್ಪಿದರೆ ಹತ್ತು ಮಂದಿಯ ಮುಂದೆ ಮುಖ ತೋರಿಸಬೇಕು.

ಆದುದರಿಂದ ಕಾರ್ಖಾನೆಯೊಂದು ಮುಚ್ಚಿ ಇಡುಗಂಟು ಹಂಚುವಾಗ, ಅದನ್ನು ತಿಂಗಳ ಕಂತುಗಳಾಗಿ ಪಡೆಯುವ ಏರ್ಪಾಡೇ ಮೊದಲು ಮುಂದಿರಬೇಕು; ಒಟ್ಟಿಗೆ ಬೇಕೆಂಬುವನು ಬರೆದುಕೊಟ್ಟು ಪಡೆಯಲಿ. ಈ ಲೇಖನವನ್ನು ಓದುವ ವಿದ್ಯಾರ್ಥಿಗಳು ಇನ್ನು ಕೆಲವು ವರ್ಷಗಳಲ್ಲಿ ಮೊದಲ ಸಂಬಳ ಪಡೆಯುವರು. ನೋಟನ್ನು ಎಣಿಸಿ ಕೊಡುವಾಗ ಕೈಗೆ ತಾಗುತ್ತಿದ್ದ ನೋವು ಫೋನಿನ ಪರದೆಯ ಮೇಲೆ ಬೆರಳಾಡಿಸುವಾಗ ತಾಗದು; ಸಾಲವೂ ಅದೇ ಬೆರಳಿನ ತುದಿಯಲ್ಲಿ ಸಿಕ್ಕುತ್ತದೆ. ಉಳಿತಾಯದ ಪಾಲು ಸಂಬಳ ಬಂದ ದಿನವೇ ಬೇರೆ ಖಾತೆಗೆ ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಬರೆದುಕೊಡುವುದಕ್ಕೆ ಸರಿಯಾದ ಕಾಲ ಸಂಬಳ ಬರುವುದಕ್ಕೆ ಮುಂಚಿನದು.

ಗಣಿಯ ಕಥೆ ಇನ್ನೂ ಮುಗಿದಿಲ್ಲ. ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಸುರಿದ ಪುಡಿ ಊರಿನ ನಡುವೆ ಬೂದುಬಣ್ಣದ ಗುಡ್ಡಗಳಾಗಿ ನಿಂತಿದೆ; ಜನ ಅದನ್ನು ಸೈನೈಡು ದಿಬ್ಬವೆನ್ನುತ್ತಾರೆ. ಅಂಥ 13 ದಿಬ್ಬಗಳಿಂದ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಕರ್ನಾಟಕ ಸಂಪುಟ 2024ರ ಜೂನಿನಲ್ಲಿ ಒಪ್ಪಿತು. ಮಾರಿಕುಪ್ಪಮಿನ ರೈಲಿನಲ್ಲಿ ಈ ಸುದ್ದಿಯ ಮಾತು ಬಂದಾಗ "ನಮ್ಮಪ್ಪ ಎಷ್ಟು ವರ್ಷ ಕಾದರು ಗೊತ್ತೇ?" ಎಂಬುದೇ ಮೊದಲ ಪ್ರಶ್ನೆಯಾಗುವುದು ಸ್ವಾಭಾವಿಕ. ದಿಬ್ಬದ ಪುಡಿಯಲ್ಲಿರುವುದು ಟನ್ನಿಗೆ ಒಂದು ಗ್ರಾಮಿಗಿಂತಲೂ ಕಡಿಮೆ ಚಿನ್ನ. ಅದನ್ನು ತೆಗೆಯಲು ತಗಲುವ ವೆಚ್ಚವೆಷ್ಟು, ಎಷ್ಟು ಮಂದಿಗೆ ಎಷ್ಟು ವರ್ಷ ಕೆಲಸ, ಅದರಲ್ಲಿ ಊರಿನವರೆಷ್ಟು ಎಂಬುದನ್ನು ಊರಿನ ವಿದ್ಯಾರ್ಥಿಗಳೇ ಸರ್ಕಾರಕ್ಕೆ ಅರ್ಜಿ ಬರೆದು ಕೇಳಬಹುದು.