ಲಾ ಓದಲು ಹೊರಟ ಗಡಿಯ ಮಕ್ಕಳು: ಮೊದಲ ವರ್ಷಕ್ಕೆ ಮುಂಚೆ ತಿಳಿಯಬೇಕಾದ್ದು

2024ರ ಜುಲೈ 1ರಿಂದ ನಮ್ಮ ದೇಶದ ಕ್ರಿಮಿನಲ್ ಕಾನೂನು ಬದಲಾಯಿತು. 1860ರ ಇಂಡಿಯನ್ ಪೀನಲ್ ಕೋಡ್ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. 1973ರ ಕ್ರಿಮಿನಲ್ ಪ್ರೊಸೀಜರ್ ಕೋಡ್ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತು. 1872ರ ಸಾಕ್ಷ್ಯ ಕಾಯ್ದೆಯ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂತು. ಮೋಸಗಾರನನ್ನು ಕನ್ನಡದಲ್ಲೂ ತೆಲುಗಿನಲ್ಲೂ "ಫೋರ್ ಟ್ವೆಂಟಿ" ಅಂತ ಬೈತೀವಲ್ಲ, ಆ 420 ಈಗ 318 ಆಗಿದೆ. ಕೊಲೆಯ 302 ಈಗ 103. ಕೋರ್ಟು ಹತ್ತಿ ಇಳಿದ ಹಿರಿಯರಿಗೆ ಬಾಯಿಪಾಠವಾಗಿದ್ದ ನಂಬರುಗಳು ಹೀಗೆ ಅಳಿಸಿಹೋದವು.

ಇಂಥ ಹೊತ್ತಿನಲ್ಲಿ ಆದವಾನಿ, ರಾಯದುರ್ಗ, ಮಡಕಶಿರಾ ಸೀಮೆಯ ಮಕ್ಕಳು ಲಾ ಕಾಲೇಜಿನ ಅರ್ಜಿ ಹಿಡಿದು ನಿಂತಿದ್ದಾರೆ. ಮಗನೋ ಮಗಳೋ ವಕೀಲರಾದರೆ ಹೊಲದ ಕಾಗದ ಓದೋಕೆ ಮನೆಯಲ್ಲೇ ಒಬ್ಬರು ಆಗ್ತಾರೆ ಅನ್ನೋದು ತಂದೆತಾಯಿಯ ಆಸೆ. ಆಸೆ ಸರಿಯಾದದ್ದೇ. ಆದರೆ ಲಾ ಓದು ಕೈಬಿಡುವವರು ಹೆಚ್ಚಾಗಿ ಬಿಡುವುದು ಮೊದಲ ವರ್ಷದಲ್ಲೇ. ಬುದ್ಧಿ ಸಾಲದೆ ಬಿಡುವುದಿಲ್ಲ. ಭಾಷೆ, ರಾಜ್ಯ, ಪುಸ್ತಕ ಮೂರೂ ಒಟ್ಟಿಗೆ ಗೊಂದಲ ಮಾಡಿದಾಗ ಬಿಡ್ತಾರೆ. ಈ ಗೊಂದಲವನ್ನು ಕಾಲೇಜು ಶುರುವಾಗುವ ಮೊದಲೇ ಬಿಡಿಸಿಕೊಳ್ಳಬೇಕು.

ಯಾವ ಕಡೆ ಓದಬೇಕು?

ನಮಗೆ ಎರಡು ದಾರಿ ಇವೆ. ಆಂಧ್ರದ ಕಡೆ ಅನಂತಪುರ, ಕರ್ನೂಲು. ಅಲ್ಲಿ ಸೇರಬೇಕಾದರೆ ಲಾಸೆಟ್ ಬರೆಯಬೇಕು. 120 ಪ್ರಶ್ನೆ, 90 ನಿಮಿಷ. ಸಾಮಾನ್ಯ ಜ್ಞಾನ 30, ಪ್ರಚಲಿತ ವಿಷಯ 30, ಕಾನೂನು ಓದುವ ಅಭಿರುಚಿಗೆ 60. ಪ್ರಶ್ನೆಪತ್ರಿಕೆ ಇಂಗ್ಲಿಷು ಮತ್ತು ತೆಲುಗಿನಲ್ಲಿ ಇರುತ್ತದೆ. ಹತ್ತನೇ ತರಗತಿಯ ಪರೀಕ್ಷೆಯನ್ನು ಇದೇ ರಾಜ್ಯ ಕನ್ನಡ ಮಾಧ್ಯಮದಲ್ಲೂ ನಡೆಸುತ್ತದೆ. ಲಾ ಪ್ರವೇಶದ ಹೊತ್ತಿಗೆ ಮಾತ್ರ ಆ ಕನ್ನಡ ಕಾಣೆಯಾಗುತ್ತದೆ.

ಕರ್ನಾಟಕದ ಕಡೆ ಬಳ್ಳಾರಿ, ಚಿತ್ರದುರ್ಗ, ತುಮಕೂರು. ಇವು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಅಲ್ಲಿ ಉತ್ತರವನ್ನು ಇಂಗ್ಲಿಷಿನಲ್ಲಾದರೂ ಬರೆಯಬಹುದು, ಕನ್ನಡದಲ್ಲಾದರೂ ಬರೆಯಬಹುದು. ಅರ್ಧ ಅದು ಅರ್ಧ ಇದು ನಡೆಯುವುದಿಲ್ಲ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಂಥ ಕಡೆಗೆ ಬೇರೆ ಪ್ರವೇಶ ಪರೀಕ್ಷೆ ಐತೆ, ಅದು ಇಂಗ್ಲಿಷಿನಲ್ಲೇ.

ಪಿಯುಸಿ ಅಥವಾ ಇಂಟರ್ ಆದಮೇಲೆ ಐದು ವರ್ಷ, ಡಿಗ್ರಿ ಆದಮೇಲೆ ಮೂರು ವರ್ಷ. ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇಕಡ 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40 ಅಂಕ ಬೇಕು. "ಕಾಲೇಜಿಗೆ ಹೋಗದೆ ಮನೆಯಲ್ಲೇ ಕೂತು ಲಾ ಮಾಡಿಸಿಕೊಡ್ತೀವಿ" ಅನ್ನುವ ಏಜೆಂಟರಿಗೆ ಒಂದು ರೂಪಾಯಿ ಕೊಡಬೇಡಿ. ಅಂಚೆ ಶಿಕ್ಷಣದ ಎಲ್‌ಎಲ್‌ಬಿಯಿಂದ ವಕೀಲಿ ಸನ್ನದು ಸಿಗುವುದಿಲ್ಲ.

ಕರ್ನಾಟಕದಲ್ಲಿ ಓದಿದರೆ ಆದವಾನಿ ಕೋರ್ಟಿನಲ್ಲಿ ನಿಲ್ಲಬಹುದೋ ಇಲ್ಲವೋ ಅಂತ ಬಹಳ ಮಂದಿ ಕೇಳ್ತಾರೆ. ಧಾರಾಳವಾಗಿ ನಿಲ್ಲಬಹುದು. 1961ರ ವಕೀಲರ ಕಾಯ್ದೆಯ 30ನೇ ಕಲಮು 2011ರ ಜೂನ್ 15ರಿಂದ ಜಾರಿಯಾಗಿದೆ. ಒಂದು ರಾಜ್ಯದಲ್ಲಿ ಹೆಸರು ಬರೆಸಿದ ವಕೀಲ ದೇಶದ ಯಾವ ಕೋರ್ಟಿನಲ್ಲೂ ವಾದ ಮಾಡಬಹುದು. ಆದ್ದರಿಂದ ಡಿಗ್ರಿ ಯಾವ ರಾಜ್ಯದ್ದು ಅನ್ನುವುದಕ್ಕಿಂತ ಮುಂದೆ ಯಾವ ಕೋರ್ಟಿನಲ್ಲಿ ಕೂರುತ್ತೀರಿ ಅನ್ನುವುದನ್ನು ಮೊದಲು ಯೋಚಿಸಬೇಕು. ಅಲ್ಲಿಯ ಭಾಷೆಯಲ್ಲಿ ಅರ್ಜಿ ಬರೆಯಲು ಬರಬೇಕು. ಜಡ್ಜ್ ಆಗುವ ಆಸೆ ಇದ್ದವರಿಗಂತೂ ಇದು ಕಡ್ಡಾಯ. ಕರ್ನಾಟಕದ ಸಿವಿಲ್ ಜಡ್ಜ್ ಪರೀಕ್ಷೆಯಲ್ಲಿ ಕನ್ನಡ ಅನುವಾದ, ಆಂಧ್ರದಲ್ಲಿ ತೆಲುಗು ಅನುವಾದ ಇರುತ್ತದೆ.

ಮೊದಲ ವರ್ಷದ ಪಾಠ ನಮಗೆ ಅಪರಿಚಿತವಲ್ಲ

ಮೂರು ವರ್ಷದ ಕೋರ್ಸಿನಲ್ಲಿ ಸಾಮಾನ್ಯವಾಗಿ ಮೊದಲ ವರ್ಷ ಬರುವುದು ಕರಾರು ಕಾನೂನು, ಅಪಕೃತ್ಯ ಅಂದರೆ ಟಾರ್ಟ್, ಸಂವಿಧಾನ, ಹಿಂದೂ ಕೌಟುಂಬಿಕ ಕಾನೂನು, ಕ್ರಿಮಿನಲ್ ಕಾನೂನು. ಐದು ವರ್ಷದವರಿಗೆ ಮೊದಲು ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಇಂಗ್ಲಿಷು ಜಾಸ್ತಿ. ಹೆಸರು ಕೇಳಿ ಹೆದರಬೇಕಾಗಿಲ್ಲ. ಮಂಡಿ ವ್ಯಾಪಾರ ಮಾಡಿದವರ ಮನೆಯ ಮಕ್ಕಳಿಗೆ 1872ರ ಕರಾರು ಕಾಯ್ದೆ ದಿನಾ ನೋಡಿದ್ದೇ. ಅದರ 29ನೇ ಕಲಮಿನಲ್ಲಿ ಒಂದು ಉದಾಹರಣೆ ಐತೆ. ನೂರು ಟನ್ ಎಣ್ಣೆ ಮಾರುತ್ತೇನೆ ಅಂತ ಒಬ್ಬ ಒಪ್ಪುತ್ತಾನೆ, ಯಾವ ಎಣ್ಣೆ ಅಂತ ಹೇಳಿಲ್ಲ. ಆ ಕರಾರು ನಿಲ್ಲುವುದಿಲ್ಲ. ಅದೇ ಮನುಷ್ಯ ಕೊಬ್ಬರಿ ಎಣ್ಣೆ ಒಂದನ್ನೇ ಮಾರುವವನಾದರೆ ನಿಲ್ಲುತ್ತದೆ. ಕಡ್ಲೆಕಾಯಿ ವ್ಯಾಪಾರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಟಾರ್ಟ್ ಪಾಠದಲ್ಲಿ 1868ರ ಇಂಗ್ಲೆಂಡಿನ ರೈಲ್ಯಾಂಡ್ಸ್ ಕೇಸು ಎಲ್ಲರೂ ಓದುತ್ತಾರೆ. ಒಬ್ಬ ತನ್ನ ಜಮೀನಿನಲ್ಲಿ ನೀರು ಕಟ್ಟಿಸಿದ, ಆ ನೀರು ಪಕ್ಕದವನ ಗಣಿಗೆ ನುಗ್ಗಿತು. ಅಜಾಗರೂಕತೆ ಇರಲಿ ಬಿಡಲಿ, ನೀರು ಕಟ್ಟಿಸಿದವನೇ ನಷ್ಟ ಕೊಡಬೇಕು ಅಂತ ತೀರ್ಪಾಯಿತು. ಇದರ ಜೊತೆಗೇ ಓದಬೇಕಾದ ಇನ್ನೊಂದು ಕೇಸು ನಮ್ಮ ಹತ್ತಿರದ್ದು: ಚಿತ್ತೂರು ಸೀಮೆಯ ಕಾರ್ವೇಟಿನಗರ ಜಮೀನ್ದಾರರ ಮೇಲೆ ಮದ್ರಾಸ್ ರೈಲ್ವೆ ಕಂಪನಿ ಹಾಕಿದ ದಾವೆ. ಭಾರಿ ಮಳೆಗೆ ಕೆರೆ ಒಡೆದು ರೈಲ್ವೆಗೆ ನಷ್ಟವಾಗಿತ್ತು. 1874ರಲ್ಲಿ ಪ್ರಿವಿ ಕೌನ್ಸಿಲ್ ಇಂಗ್ಲೆಂಡಿನ ಆ ಸೂತ್ರ ಇಲ್ಲಿ ಹೊಂದುವುದಿಲ್ಲ ಎಂದಿತು. ಈ ದೇಶದ ಕೆರೆಗಳು ಹಿಂದಿನಿಂದ ಬಂದವು, ಬೇಸಾಯಕ್ಕೆ ಬೇಕಾದವು, ಅವನ್ನು ಉಳಿಸಿಕೊಂಡು ಹೋಗುವುದು ಜಮೀನ್ದಾರನ ಕರ್ತವ್ಯ. ಅಜಾಗರೂಕತೆ ಇಲ್ಲದಿದ್ದರೆ ಅವನು ಹೊಣೆಯಲ್ಲ ಎಂಬುದು ಅದರ ಕಾರಣ. ಕೆರೆ ಏರಿಯ ಮೇಲೆ ಓಡಾಡಿದ ಹುಡುಗ ಈ ಎರಡು ತೀರ್ಪಿನ ವ್ಯತ್ಯಾಸವನ್ನು ಪಟ್ಟಣದ ಹುಡುಗನಿಗಿಂತ ಬೇಗ ಹಿಡಿಯುತ್ತಾನೆ.

ಸಂವಿಧಾನದ ಪಾಠಕ್ಕೆ ಬಂದರೆ ದೇಶದ ಪ್ರತಿ ವಿದ್ಯಾರ್ಥಿಯೂ ಓದುವ ಹೆಸರು ಕೇಶವಾನಂದ ಭಾರತಿ. ಅವರು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು. ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ ಹೋದ ಕೇಸು ಅದು. 1973ರ ಏಪ್ರಿಲ್ 24ರಂದು 13 ಮಂದಿ ನ್ಯಾಯಮೂರ್ತಿಗಳ ಪೀಠ, ಏಳು ಜನ ಒಂದು ಕಡೆ ಆರು ಜನ ಒಂದು ಕಡೆಯಾಗಿ, ಪಾರ್ಲಿಮೆಂಟು ಸಂವಿಧಾನ ತಿದ್ದಬಹುದು, ಆದರೆ ಅದರ ಮೂಲ ಸ್ವರೂಪ ಕೆಡಿಸುವ ಹಾಗಿಲ್ಲ ಎಂದಿತು. ಗಡಿನಾಡಿನ ಒಂದು ಮಠದ ಜಮೀನಿನ ಜಗಳ ಇಡೀ ದೇಶದ ಕಾನೂನಿಗೆ ಕಂಬವಾಯಿತು.

ಕೌಟುಂಬಿಕ ಕಾನೂನು ನಮ್ಮ ಸೀಮೆಗೆ ಇನ್ನೂ ಹತ್ತಿರದ್ದು. ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಅಂತ ಆಂಧ್ರ 1986ರಲ್ಲಿ ಕಾಯ್ದೆ ಮಾಡಿ, 1985ರ ಸೆಪ್ಟೆಂಬರ್ 5ರಿಂದ ಜಾರಿಗೆ ತಂತು. ಕರ್ನಾಟಕದಲ್ಲಿ ಅದು ಬಂದದ್ದು 1994ರ ಜುಲೈ 30ಕ್ಕೆ. ಎರಡೂ ಕಡೆ ಆ ದಿನಕ್ಕೆ ಮೊದಲೇ ಮದುವೆಯಾದವರಿಗೆ ಈ ಹಕ್ಕು ಇರಲಿಲ್ಲ. ಅಂದರೆ 1990ರಲ್ಲಿ ಮದುವೆಯಾದ ಹೆಣ್ಣುಮಗಳು ಆಂಧ್ರದ ಕಾಯ್ದೆಯಲ್ಲಿ ಪಾಲುದಾರಳು, ಕರ್ನಾಟಕದ ಕಾಯ್ದೆಯಲ್ಲಿ ಅಲ್ಲ. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಈ ಭೇದ ತೆಗೆಯಿತು. ಆ ದಿನ ತಂದೆ ಬದುಕಿರಲೇಬೇಕು ಅಂತೇನಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಕೇಸಿನಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕಾಯ್ದೆ ಪ್ರಕಾರ ಆಗಿಹೋದ ಭಾಗ ಪತ್ರಗಳನ್ನು ಮಾತ್ರ ಕೆದಕುವ ಹಾಗಿಲ್ಲ. ರಾಯದುರ್ಗದ ಕಡೆ ಒಂದು ಹೊಲ, ಮೊಳಕಾಲ್ಮೂರಿನ ಕಡೆ ಒಂದು ಹೊಲ ಇರುವ ಮನೆಗಳಲ್ಲಿ ಈ ತಾರೀಖುಗಳು ಗೊತ್ತಿಲ್ಲದೆ ಅಕ್ಕತಂಗಿಯರ ಪಾಲು ಎಷ್ಟೋ ಸಲ ತಪ್ಪಿಹೋಗುತ್ತದೆ.

ಮಾತು ಒಂದೇ, ಅರ್ಥ ಬೇರೆ

ಎರಡು ಭಾಷೆ ಬಲ್ಲವರಿಗೆ ಲಾ ಓದಿನಲ್ಲಿ ಲಾಭವೂ ಐತೆ, ಅಪಾಯವೂ ಐತೆ. ವಾದಿ, ಪ್ರತಿವಾದಿ, ತೀರ್ಪು, ಪ್ರತಿಫಲ, ಒಪ್ಪಂದ ಇವೆಲ್ಲ ಎರಡೂ ಕಡೆ ಒಂದೇ. ಆದರೆ ತೆಲುಗಿನಲ್ಲಿ "ಖರಾರು" ಅಂದರೆ ತೀರ್ಮಾನವಾಯಿತು ಅಂತ; ಕನ್ನಡದ "ಕರಾರು" ಎಂದರೆ ಇಬ್ಬರ ನಡುವಿನ ಒಡಂಬಡಿಕೆ. ತೆಲುಗಿನ "ಅಪರಾಧ ರುಸುಮು" ತಡವಾಗಿ ಕಟ್ಟಿದ್ದಕ್ಕೆ ಹಾಕುವ ದಂಡ. ಅದನ್ನು ಕನ್ನಡದ ಕಿವಿಯಲ್ಲಿ ಕೇಳಿದರೆ ಯಾರೋ ಜೈಲಿಗೆ ಹೋಗುವ ಹಾಗೆ ಕಾಣುತ್ತದೆ. ಆ ಕಡೆ ಅಡಂಗಲ್, ಈ ಕಡೆ ಪಹಣಿ. ಆ ಕಡೆ ಸೆಂಟು, ಈ ಕಡೆ ಗುಂಟೆ. ಎಕರೆಗೆ ನೂರು ಸೆಂಟು, ನಲವತ್ತು ಗುಂಟೆ. ಇಪ್ಪತ್ತು ಗುಂಟೆ ಅಂದ್ರೆ ಐವತ್ತು ಸೆಂಟು. ಕಾಲೇಜಿಗೆ ಹೋಗುವ ಮೊದಲೇ ಒಂದು ನೋಟ್‌ಬುಕ್ಕಿನಲ್ಲಿ ಮೂರು ಸಾಲು ಎಳೆದು ಇಂಗ್ಲಿಷು, ಕನ್ನಡ, ತೆಲುಗು ಶಬ್ದಗಳನ್ನು ಎದುರುಬದುರು ಬರೆದಿಟ್ಟುಕೊಳ್ಳಬೇಕು. ದಿನಕ್ಕೆ ಐದು ಶಬ್ದ ಸಾಕು.

ಕನ್ನಡದಲ್ಲಿ ಪರೀಕ್ಷೆ ಬರೆಯುವವರೂ ಇಂಗ್ಲಿಷನ್ನು ಬಿಡುವ ಹಾಗಿಲ್ಲ. ಸಂವಿಧಾನದ 348ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟು, ಹೈಕೋರ್ಟುಗಳ ಭಾಷೆ ಇಂಗ್ಲಿಷು. ಕೆಳಗಿನ ಕೋರ್ಟಿನಲ್ಲಿ ಕನ್ನಡವೋ ತೆಲುಗೋ ನಡೆಯುತ್ತದೆ, ಅಪೀಲಿಗೆ ಹೋದಾಗ ಇಂಗ್ಲಿಷು ಬೇಕೇ ಬೇಕು.

ಹೊಸದು ಹಳೆಯದು ಎರಡೂ ಬೇಕು

ಹಳೆಯ ಪೀನಲ್ ಕೋಡ್ ಪುಸ್ತಕ ರದ್ದಿಗೆ ಹಾಕಬೇಡಿ. 2024ರ ಜುಲೈ 1ಕ್ಕೆ ಮೊದಲು ನಡೆದ ಅಪರಾಧಗಳಿಗೆ ಹಳೆಯ ಕಲಮುಗಳೇ ಅನ್ವಯ. ಆ ಕೇಸುಗಳು ಇನ್ನೂ ವರ್ಷಗಟ್ಟಲೆ ನಡೆಯುತ್ತವೆ. ಹಳೆಯ ತೀರ್ಪುಗಳೆಲ್ಲ ಹಳೆಯ ನಂಬರಿನಲ್ಲೇ ಇವೆ. ಹಳೆಯದರಲ್ಲಿ 511 ಕಲಮು, ಹೊಸದರಲ್ಲಿ 358. ಎದುರುಬದುರು ಪಟ್ಟಿ ಇಟ್ಟುಕೊಂಡೇ ಓದಬೇಕು.

ಹೊಸ ಸುರಕ್ಷಾ ಸಂಹಿತೆಯ 173ನೇ ಕಲಮನ್ನು ಗಡಿಯವರು ಲಾ ಓದದಿದ್ದರೂ ತಿಳಿದಿರಬೇಕು. ಗಂಭೀರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. "ಅದು ಆಂಧ್ರ ಲಿಮಿಟ್ಸ್, ಅಲ್ಲಿಗೆ ಹೋಗಿ" ಅಂತ ವಾಪಸು ಕಳಿಸುವ ಹಾಗಿಲ್ಲ.

ಖರ್ಚು ಮತ್ತು ಮುಂದಿನ ಲೆಕ್ಕ

ವಕೀಲರಾಗಿ ಹೆಸರು ಬರೆಸಲು ರಾಜ್ಯ ಬಾರ್ ಕೌನ್ಸಿಲುಗಳು ಸಾವಿರಾರು ರೂಪಾಯಿ ಕೀಳುತ್ತಿದ್ದವು. ಕಾಯ್ದೆಯಲ್ಲಿರುವ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ, ಅದಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂದು ಸುಪ್ರೀಂ ಕೋರ್ಟು 2024ರ ಜುಲೈ 30ರಂದು ತೀರ್ಪು ಕೊಟ್ಟಿತು. ಬಡವರ ಮಕ್ಕಳಿಗೆ ಇದು ದೊಡ್ಡ ಉಪಕಾರ. 2025ರ ಮೇ 20ರಂದು ಇನ್ನೊಂದು ತೀರ್ಪು ಬಂತು. ಸಿವಿಲ್ ಜಡ್ಜ್ ಹುದ್ದೆಗೆ ಅರ್ಜಿ ಹಾಕಲು ಮೂರು ವರ್ಷ ವಕೀಲಿ ಮಾಡಿರಬೇಕು ಎಂದು. ಡಿಗ್ರಿ ಕೈಗೆ ಬಂದ ಕೂಡಲೇ ಸಂಬಳದ ಕೆಲಸ ಅಂತ ಎಣಿಸುವ ಮನೆಯವರು ಇದನ್ನು ಗಮನಿಸಬೇಕು. ಓದು ಮುಗಿದಮೇಲೂ ಮೂರು ನಾಲ್ಕು ವರ್ಷ ಮಕ್ಕಳನ್ನು ನಡೆಸಿಕೊಂಡು ಹೋಗುವ ಶಕ್ತಿ ಇದೆಯೇ ಅಂತ ಈಗಲೇ ಲೆಕ್ಕ ಹಾಕಬೇಕು.

ಪುಸ್ತಕಕ್ಕೆ ಮೊದಲೇ ಸಾವಿರಾರು ಸುರಿಯಬೇಡಿ. ಕಾಯ್ದೆಗಳ ಮೂಲಪಾಠ ಸರ್ಕಾರದ ಇಂಡಿಯಾ ಕೋಡ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಸುಪ್ರೀಂ ಕೋರ್ಟಿನ ಎಷ್ಟೋ ತೀರ್ಪುಗಳು ಕನ್ನಡ, ತೆಲುಗು ಅನುವಾದದಲ್ಲೂ ಸಿಗುತ್ತವೆ. ಕಾಲೇಜು ತೆರೆಯುವವರೆಗೆ ವಾರಕ್ಕೆ ಒಂದು ತೀರ್ಪು ಓದಿ ನಾಲ್ಕೇ ಸಾಲು ಬರೆಯಿರಿ: ನಡೆದದ್ದೇನು, ಪ್ರಶ್ನೆ ಏನು, ಕೋರ್ಟು ಹೇಳಿದ್ದೇನು, ಯಾಕೆ ಹೇಳಿತು. ಹತ್ತಿರದ ಮುನ್ಸಿಫ್ ಕೋರ್ಟಿಗೆ ಹೋಗಿ ಎರಡು ದಿನ ಹಿಂದಿನ ಬೆಂಚಿನಲ್ಲಿ ಕೂತು ಬನ್ನಿ, ಯಾರೂ ಬೇಡ ಅನ್ನುವುದಿಲ್ಲ. ಮನೆಯ ಪೆಟ್ಟಿಗೆಯಲ್ಲಿರುವ ಕ್ರಯಪತ್ರ, ಭಾಗಪತ್ರ ತೆಗೆದು ಓದಿ.

ಸರ್ಕಾರಗಳು ಮಾಡಬೇಕಾದ್ದೂ ಐತೆ. ಕನ್ನಡ ಮಾಧ್ಯಮದ ಶಾಲೆ ನಡೆಸುವ ಆಂಧ್ರ ಸರ್ಕಾರ ಲಾಸೆಟ್ ಪತ್ರಿಕೆಯನ್ನು ಕನ್ನಡದಲ್ಲೂ ಅಚ್ಚು ಹಾಕಬೇಕು. ಕನ್ನಡದಲ್ಲಿ ಉತ್ತರ ಬರೆಯಲು ಬಿಡುವ ಕರ್ನಾಟಕ, ಹೊಸ ಮೂರು ಸಂಹಿತೆಗಳಿಗೆ ಒಳ್ಳೆಯ ಕನ್ನಡ ಪಠ್ಯವನ್ನು ಕಡಿಮೆ ಬೆಲೆಗೆ ಗಡಿಯ ಲೈಬ್ರರಿಗಳಿಗೂ ಕಳಿಸಬೇಕು. ನಮ್ಮ ಎಂಎಲ್ಎಗಳು ಬಂದಾಗ ರಸ್ತೆ, ನೀರಿನ ಜೊತೆ ಇದನ್ನೂ ಕೇಳೋಣ. ಎರಡು ರಾಜ್ಯದ ಕಾಗದವನ್ನೂ ಓದಬಲ್ಲ ವಕೀಲರು ಊರಿಗೆ ನಾಲ್ಕು ಜನ ಆದರೆ, ಅಡಂಗಲ್ ಒಂದು ಕೈಯಲ್ಲಿ ಪಹಣಿ ಒಂದು ಕೈಯಲ್ಲಿ ಹಿಡಿದು ಅಲೆಯುವ ರೈತರಿಗೆ ದಾರಿ ತೋರುವವರು ಸಿಕ್ಕಂತಾಗುತ್ತದೆ.